ಗಾಡಿಗೊಂದು ವಸ್ತಿ

ದೇವರನ್ನು ನಂಬದ ನಾನು ಈಚೆಗೆ ಸಂಜೆಯಾದರೆ ಸಾಕು, ಕಂಡಕಂಡವರಿಗೆ ಕೈ ಮುಗಿಯುತ್ತೇನೆ. ಬೇಡುವುದು ಮೋಕ್ಷವನ್ನಲ್ಲ, ಬೆಳಗಾಗುವವರೆಗೆ ಗಾಡಿ ನಿಲ್ಲಿಸಿ ಅದರೊಳಗೇ ಮಲಗಲು ಒಂದಿಷ್ಟು ಪುಕ್ಕಟೆ ಜಾಗ. ಲಾಡ್ಜಿಗೆ ಹೋಗಬಾರದೇ ಎಂದು ಹೆಂಡತಿ ಶಾಂತಾ ಕೇಳುವುದನ್ನು ನಿಲ್ಲಿಸಿದ್ದಾಳೆ. ಅವಳು ಕೇಳುವುದನ್ನು ನಿಲ್ಲಿಸಿದರೆ ನನಗೆ ಹೆಚ್ಚು ಭಯ.

ನಿವೃತ್ತನಾದ ಮೇಲೆ ಹಳೆಯ ಬಿಳಿ ವ್ಯಾನೊಂದನ್ನು ಕೊಂಡೆ. ಸೊಲ್ಲಾಪುರದ ಗ್ಯಾರೇಜಿನಲ್ಲಿ ಹಿಂದಿನ ಸೀಟು ಕೀಳಿಸಿ ಹಾಸಿಗೆ, ಸ್ಟೋವು, ಕಿಟಕಿಗೆ ಪರದೆ ಹಾಕಿಸಿದೆ. ಪರದೆ ಹಾಕಿದ ಬಿಳಿ ವ್ಯಾನು ಕಂಡರೆ ನಮ್ಮ ಜನಕ್ಕೆ ಏನು ನೆನಪಾಗುತ್ತದೆಂದು ಮಾತ್ರ ಹೊಳೆಯಲಿಲ್ಲ. ಮಂದ್ರೂಪದಲ್ಲಿ ಚಹಾಕ್ಕೆ ನಿಂತಾಗ ಒಬ್ಬರು ಟೊಪ್ಪಿಗೆ ತೆಗೆದು, "ಯಾರು ಹೋದ್ರರಿ?" ಎಂದರು. ಶಾಂತಾ ನನ್ನತ್ತ ಕೈ ಮಾಡಿ, "ಇನ್ನೂ ಹೋಗಿಲ್ಲರಿ, ಹೊಂಟಾರ," ಎಂದಳು.

ಅಕ್ಕಲಕೋಟದಲ್ಲಿ ಯಾತ್ರಿಕರ ವಾಹನ ನಿಲ್ಲುವ ಬಯಲಿನ ಕಾವಲುಗಾರನ ಪ್ರಕಾರ, ಗಾಡಿ ರಾತ್ರಿಯೆಲ್ಲ ಇರಬಹುದು, ಒಳಗೆ ಮನುಷ್ಯರು ಇರಕೂಡದು. ಪಕ್ಕದ ವಸತಿಗೃಹದಲ್ಲಿ ಮನುಷ್ಯರು ಇರಬಹುದು, ಗಾಡಿ ಇರಕೂಡದು. ದೇಹ ಬೇರೆ ಆತ್ಮ ಬೇರೆ ಎಂಬುದನ್ನು ನನಗೆ ಯಾರೂ ಇಷ್ಟು ಸ್ಪಷ್ಟವಾಗಿ ವಿವರಿಸಿರಲಿಲ್ಲ. ಪೆಟ್ರೋಲ್ ಪಂಪಿನವನು ಲಾರಿಗಳಿಗೆಲ್ಲ ಜಾಗ ಕೊಟ್ಟು ನಮ್ಮ ಪರದೆ ನೋಡಿ, "ಅಜ್ಜಾರ, ಈ ವಯಸ್ಸಿನ್ಯಾಗ?" ಎಂದ.

ಈ ಪಾಡೆಲ್ಲ ಒಂದು ಜಾಗಕ್ಕಾಗಿ. ನಾನು ತೀರ ಚಿಕ್ಕವನಿದ್ದಾಗಲೇ ಅವ್ವ ತೀರಿಕೊಂಡಳು. ಉಳಿದಿರುವುದು ಒಂದೇ ನೆನಪು: ಅವಳ ತವರಿಗೆ ಹೋಗುವಾಗ ಕರಜಗಿಯ ಹತ್ತಿರ ಯಾರದೋ ಹೊಲದಲ್ಲಿ, ಬೇವಿನ ಗಿಡದ ಕೆಳಗೆ ಎತ್ತಿನ ಗಾಡಿ ಬಿಟ್ಟು ಒಂದು ರಾತ್ರಿ ವಸ್ತಿ ಮಾಡಿದ್ದೆವು. ಅವಳ ಸೆರಗು ನನ್ನ ಮೇಲಿತ್ತು. ಅಲ್ಲಿ ಇನ್ನೊಂದು ರಾತ್ರಿ ಮಲಗಬೇಕು. ಆದರೆ ನೆನಪೆಂಬುದು ಪೆಟ್ಟಿಗೆಯಲ್ಲಿ ಮಡಿಸಿಟ್ಟ ಚಾದರವಲ್ಲ, ತೆಗೆದಾಗೆಲ್ಲ ಹೊಸದಾಗಿ ನೇಯ್ದದ್ದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತು, ಜೀವನವಿಡೀ ಅದನ್ನೇ ಹೇಳಿ ಮಂದಿಯ ಬಾಯಿ ಮುಚ್ಚಿಸಿದವನು ನಾನು. ಹೊರಡುವ ಹೊತ್ತಿಗೆ ನನ್ನ ಗಿಡ ಒಂದು ದಿನ ಬೇವು, ಒಂದು ದಿನ ಹುಣಸೆ. ಸೆರಗು ಒಮ್ಮೆ ಹಸಿರು, ಒಮ್ಮೆ ಕೆಂಪು. ಆ ನೆನಪೂ ಹೋದರೆ ನನಗೆ ತಾಯಿಯೇ ಇರಲಿಲ್ಲವೆಂದು ಲೆಕ್ಕ.

"ಗಾಡಿ ಕೀಲಿ ಎಲ್ಲಿ ಇಟ್ಟೀನಿ ಅನ್ನೂದು ಗೊತ್ತಿಲ್ಲ, ಸಣ್ಣವಿದ್ದಾಗಿನ ಗಿಡಾ ಹುಡಕ್ತಾರಂತ!" ಎಂದಳು ಶಾಂತಾ.

ಕರಜಗಿಯ ಸುತ್ತ ಎಲ್ಲಿ ನೋಡಿದರೂ ಬೇವು. ಹೊತ್ತು ಮುಳುಗುವಾಗ, ಬೇರೆ ದಾರಿ ಕಾಣದೆ, ಒಂದರ ಕೆಳಗೆ ನಿಲ್ಲಿಸಿದೆ. ಆಡು ಹೊಡೆದುಕೊಂಡು ಹೊಲದ ಯಜಮಾನಿ ಬಂದರು, ವಯಸ್ಸಾದವರು. ನಮ್ಮ ಸೀಮೆಯ ಹೊಲಗಳಲ್ಲಿ ವಸ್ತಿಗೆ ಬಾಡಿಗೆ ಕೇಳುವುದಿಲ್ಲ, ಬಳಗ ಕೇಳುತ್ತಾರೆ. ಎಲ್ಲಾದರೂ ಒಂದು ನಂಟು ಹತ್ತಿದರೆ ಜಾಗದ ಜೊತೆ ಊಟವೂ ಸಿಗುತ್ತದೆ. ಹತ್ತದಿದ್ದರೆ ಮುಂದೆ ನಡೆಯಬೇಕು.

"ಯಾರ ಪೈಕಿ ನೀವು?"

"ಸೊಲ್ಲಾಪುರದಾವ್ರಿ. ನಮ್ಮವ್ವನ ತವರಮನಿ ಚಪಳಗಾಂವ."

"ಚಪಳಗಾಂವದಾಗ ಯಾರ ಮನಿ?"

ನನಗೆ ಗೊತ್ತಿರಲಿಲ್ಲ. ಊರಾದರೂ ಅದೇ ಹೌದೋ ಅಲ್ಲವೋ ಎಂಬ ಅನುಮಾನ ಆಗಲೇ ಹುಟ್ಟಿತು. ನನ್ನ ಮುಖವನ್ನೇ ನೋಡುತ್ತಿದ್ದ ಅವರು ಗಲ್ಲದ ಮೇಲೆ ಕೈ ಇಟ್ಟುಕೊಂಡರು. "ಅಯ್ಯ, ಗಂಗಕ್ಕನ ಮಗಾ ಏನೋ ನೀ! ಅದ ಮೂಗು!"

ನನ್ನವ್ವನ ಹೆಸರು ಗೌರವ್ವ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ದಣಿದ ಶಾಂತಾ, "ಹೌದ್ರಿ ಆಯಿ," ಎನ್ನುತ್ತ ಕೆಳಗಿಳಿದು ಅವರ ಕಾಲಿಗೆ ನಮಸ್ಕಾರ ಮಾಡಿಬಿಟ್ಟಿದ್ದಳು.

ಬಿಸಿ ರೊಟ್ಟಿ ಬಂತು, ಶೇಂಗಾ ಚಟ್ನಿ ಬಂತು, ಅವರ ಮಾತಿನಲ್ಲಿ ಗಂಗಕ್ಕ ಬಂದಳು. ಜೋಳದ ಹೊಲದಲ್ಲಿ ಹಕ್ಕಿ ಓಡಿಸುತ್ತ ಕೂಗುತ್ತಿದ್ದ ಗಂಗಕ್ಕ, ಚಹಾ ಬಸಿಗೆ ಸುರಿದು ಊದಿ ಊದಿ ಕುಡಿಯುತ್ತಿದ್ದ ಗಂಗಕ್ಕ. ಅವ್ವನ ಬಗ್ಗೆ ನನಗೆ ಯಾರೂ ಇಷ್ಟು ಹೇಳಿರಲಿಲ್ಲ. ಇವರು ಹೇಳುತ್ತಿದ್ದುದೂ ನನ್ನವ್ವನ ಬಗ್ಗೆಯಲ್ಲ, ನಿಜ. ಆದರೂ ಹಸಿದವನಂತೆ ಕೇಳಿದೆ.

ಮೊನ್ನೆ ಮನೆಯಲ್ಲಿ ಚಹಾದ ಬಸಿ ಎತ್ತಿದವನು, "ನಮ್ಮವ್ವನೂ ಹಿಂಗ ಊದಿ ಊದಿ ಕುಡೀತಿದ್ಳು," ಎಂದೆ.

ಶಾಂತಾ ನಗಲಿಲ್ಲ. "ಯಾವ ಅವ್ವರಿ?" ಎಂದಳು.

ಕಣ್ಣು ಮುಚ್ಚಿ ಆ ಗಿಡದ ಕೆಳಗೆ ಹೋಗಿ ನೋಡಿದೆ. ಈಗ ಯಾವ ಗೊಂದಲವೂ ಇಲ್ಲ. ಗಿಡ ಬೇವಿನದೇ. ನನ್ನ ಮೇಲಿನ ಸೆರಗು ಅಚ್ಚ ಹಳದಿ. ಗಂಗಕ್ಕ ಹಳದಿ ಸೀರೆ ಬಿಟ್ಟು ಬೇರೆ ಉಡುತ್ತಿರಲಿಲ್ಲವಂತೆ.