ಅಂಗಡಿಯಲ್ಲಿ ಶುರುವಾಗಿ ಮನೆಯಲ್ಲಿ ನಿಂತ ಲ್ಯಾಪ್‌ಟಾಪ್

2022ರಲ್ಲಿ ನಾನು ಚಿಂತಾಮಣಿಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಟೆಕ್ನಿಷಿಯನ್ ಆಗಿದ್ದೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಪದವಿ ಮುಗಿಸಿ ಒಂದು ವರ್ಷವಾಗಿತ್ತು. ಗಿರಾಕಿಗಳು ಮುಂದೆ ಮಾಲೀಕರೊಂದಿಗೆ ಮಾತಾಡಿ ಹೋಗುತ್ತಿದ್ದರು. ಹಿಂದಿನ ಕೋಣೆಯಲ್ಲಿದ್ದ ನನಗೆ ತಲುಪುತ್ತಿದ್ದುದು ಯಂತ್ರ ಮತ್ತು ಅದಕ್ಕೆ ಅಂಟಿಸಿದ ಚೀಟಿ ಮಾತ್ರ. ಕೆಲವು ದಿನ ಮಧ್ಯಾಹ್ನದವರೆಗೆ ಒಂದು ಮಾತೂ ಆಡಿರುತ್ತಿರಲಿಲ್ಲ.

ಶ್ರಾವಣದಲ್ಲಿ ಬಂದ ಒಂದು ಚೀಟಿಯಲ್ಲಿ "ಸುಶೀಲಮ್ಮ, ಕೈವಾರ. ವಿಂಡೋಸ್ 7 ಹಾಕಬೇಕು" ಎಂದಿತ್ತು. ಸುಶೀಲಮ್ಮ ಮನೆಯಲ್ಲೇ ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ ಇಟ್ಟುಕೊಂಡು ಮದುವೆ ರವಿಕೆಗಳಿಗೆ ಕಸೂತಿ ಹಾಕುವವರು. ಹಳೆಯ ಲ್ಯಾಪ್‌ಟಾಪ್ ಕೆಟ್ಟಿದ್ದರಿಂದ ಸೆಕೆಂಡ್ ಹ್ಯಾಂಡ್ ಒಂದನ್ನು ಕೊಂಡಿದ್ದರು. ಅದರಲ್ಲಿದ್ದ ವಿಂಡೋಸ್ 10ರಲ್ಲಿ ಅವರ ಹಳೆಯ ಡಿಸೈನ್ ಸಾಫ್ಟ್‌ವೇರ್ ತೆರೆಯುತ್ತಿರಲಿಲ್ಲ.

ಲ್ಯಾಪ್‌ಟಾಪ್ ಆನ್ ಮಾಡಿದಾಗ ಮೊದಲು ಕೆಲಸ ಶುರುಮಾಡುವುದು ಬಯೋಸ್. ಆಪರೇಟಿಂಗ್ ಸಿಸ್ಟಮ್ ಎಲ್ಲಿದೆ ಎಂದು ಹುಡುಕುವುದು ಅದೇ. ಹುಡುಕುವ ಹೊಸ ಕ್ರಮಕ್ಕೆ ಯುಇಎಫ್‌ಐ ಎಂದೂ ಹಳೆಯದಕ್ಕೆ ಲೆಗಸಿ ಎಂದೂ ಹೆಸರು. ವಿಂಡೋಸ್ 7ಕ್ಕಾಗಿ ನಾನು ಲೆಗಸಿಗೆ ಬದಲಿಸಿ, ಅಂಗಡಿಯ ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡಿ, ಅವರ ಡಿಸೈನ್ ಸಾಫ್ಟ್‌ವೇರನ್ನೂ ಹಾಕಿದೆ. ಮೂರು ಸಲ ಆಫ್ ಮಾಡಿ, ಆನ್ ಮಾಡಿ ನೋಡಿಯೇ ಕಳಿಸಿದೆ.

ಮರುದಿನ ಅದು ವಾಪಸ್ ಬಂತು. ಪರದೆ ಕಪ್ಪಗಿರುತ್ತದೆ, ಮೂಲೆಯಲ್ಲಿ ಒಂದು ಗೆರೆ ಮಿಣುಕುತ್ತದೆ, ಅಷ್ಟೇ ಎಂದು ದೂರು. ನನ್ನ ಮೇಜಿನ ಮೇಲೆ ಸರಿಯಾಗಿಯೇ ಶುರುವಾಯಿತು. ವಿಂಡೋಸ್ ಶುರುವಾಗಲು ಬೇಕಾದ ಬೂಟ್ ಫೈಲುಗಳನ್ನು ಮತ್ತೆ ಬರೆದು, ಹಾರ್ಡ್ ಡಿಸ್ಕ್ ಪರೀಕ್ಷಿಸಿ ಕೊಟ್ಟೆ. ಬುಧವಾರ ಮತ್ತೆ ಬಂತು. ಈ ಸಲ ಸುಶೀಲಮ್ಮ ನೇರ ಒಳಕೋಣೆಗೇ ಬಂದರು.

"ನಿಮ್ಮ ಅಂಗಡೀಲಿ ನಗ್ತಾ ಇರ್ತೈತೆ, ನಮ್ಮನೆಗೆ ಬಂದ್ರೆ ಮೂತಿ ಊದಿಸ್ಕೊಳ್ತೈತೆ. ಇದೇನಮ್ಮ, ಹೊಸ ಸೊಸೇನಾ?" ಎಂದರು. ಮುಖದಲ್ಲಿ ನಗುವಿರಲಿಲ್ಲ. "ಶುಕ್ರವಾರ ಮುಹೂರ್ತ. ಹೆಣ್ಣಿನ ರವಿಕೆಗೆ ಒಂದೆಳೆ ಬಿದ್ದಿಲ್ಲ. ಇದು ತಪ್ಪಿದ್ರೆ ಊರೋರು ಇನ್ನ ನನ್ನ ಹತ್ರ ಬರ್ತಾರಾ?"

"ಫಾರ್ಮ್ಯಾಟ್ ಮಾಡ್ಬಿಡಮ್ಮ, ಮೊದಲಿಂದ ಹಾಕು" ಎಂದರು ಮಾಲೀಕರು.

ಮೊದಲಿನಿಂದ ಹಾಕಿದರೂ ಇದೇ ಆಗುತ್ತದೆ ಎನಿಸಿತು. "ನಿಮ್ಮ ಮನೇಲಿ ಹೆಂಗೆ ಆನ್ ಮಾಡ್ತೀರೋ ನೋಡ್ಬೇಕು" ಎಂದೆ. ಇಬ್ಬರೂ ಕೈವಾರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ಲ್ಯಾಪ್‌ಟಾಪನ್ನು ಮಡಿಲಲ್ಲೇ ಹಿಡಿದಿದ್ದರು.

ಮನೆಯಲ್ಲಿ ಅವರೊಬ್ಬರೇ. ಮುಂದಿನ ಕೋಣೆಯನ್ನೆಲ್ಲ ಮೆಷಿನ್ ತುಂಬಿತ್ತು. ಕೈ ತೊಳೆದು ಬಂದು, ದೇವರ ಗೂಡಿನಿಂದ ಕುಂಕುಮದ ಭರಣಿ ತೆಗೆದರು. ಅದರೊಳಗಿತ್ತು, ಅರಿಶಿನದ ದಾರ ಕಟ್ಟಿದ ಪೆನ್‌ಡ್ರೈವ್. ಕಣ್ಣಿಗೊತ್ತಿಕೊಂಡು ಲ್ಯಾಪ್‌ಟಾಪಿಗೆ ಸಿಕ್ಕಿಸಿದರು, ಆಮೇಲೆ ಪವರ್ ಬಟನ್ ಒತ್ತಿದರು. ಕಪ್ಪು ಪರದೆ, ಮಿಣುಕುವ ಗೆರೆ.

"ಇದನ್ನ ಅಂಗಡಿಗೆ ಯಾಕೆ ತರ್ಲಿಲ್ಲ?" ಎಂದೆ.

"ನನ್ನ ಡಿಸೈನೆಲ್ಲಾ ಇದರಾಗೇ ಐತೆ ಕಣಮ್ಮ. ಇದು ಹೊಸ್ತಿಲು ದಾಟಲ್ಲ. ಒಂದ್ಸಲ ಪಕ್ಕದ ಬೀದಿಯೋಳು ಕಾಪಿ ಹೊಡ್ಕೊಂಡವ್ಳೆ."

ತಪ್ಪು ನನ್ನದು. ಇನ್‌ಸ್ಟಾಲ್ ಮಾಡುವಾಗ ಮೊದಲು ಪೆನ್‌ಡ್ರೈವ್‌ನಲ್ಲಿ ಹುಡುಕು ಎಂದು ಬಯೋಸ್‌ಗೆ ಹೇಳಿದ್ದೆ. ಆಮೇಲೆ ಅದನ್ನು ಬದಲಿಸಲು ಮರೆತಿದ್ದೆ. ಅವರ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಬಳ್ಳಿ, ನವಿಲು, ಮಾವಿನಕಾಯಿ; ವಿಂಡೋಸ್ ಅಲ್ಲ. ಯಂತ್ರ ಅಲ್ಲಿಯೇ ಹುಡುಕುತ್ತ ನಿಂತುಬಿಡುತ್ತಿತ್ತು. ನನ್ನ ಮೇಜಿನ ಮೇಲೆ ಆ ಪೆನ್‌ಡ್ರೈವ್ ಇರಲಿಲ್ಲವಾದ್ದರಿಂದ ಎಲ್ಲವೂ ಸರಿಯಾಗಿ ಕಂಡಿತ್ತು.

ವಿಂಡೋಸ್ ಇದ್ದ ಹಾರ್ಡ್ ಡಿಸ್ಕನ್ನು ಬಯೋಸ್ ಹುಡುಕುವ ಪಟ್ಟಿಯ ಮೊದಲಿಗೆ ತರಲು ಎರಡು ನಿಮಿಷ ಸಾಕಾಯಿತು. ಪೆನ್‌ಡ್ರೈವ್ ಸಿಕ್ಕಿಸಿದ್ದ ಹಾಗೇ ಮತ್ತೆ ಆನ್ ಮಾಡಿದೆ, ವಿಂಡೋಸ್ ತೆರೆದುಕೊಂಡಿತು.

"ತಪ್ಪು ನಂದೇ ಅಮ್ಮ" ಎಂದೆ.

"ಸಿಕ್ತಲ್ಲ, ಬಿಡು" ಎಂದ ಸುಶೀಲಮ್ಮ ಆಗಲೇ ಸೂಜಿಗೆ ದಾರ ಪೋಣಿಸುತ್ತಿದ್ದರು. ಮೆಷಿನ್ ಶುರುವಾಯಿತು. ಹಸಿರು ರೇಷ್ಮೆಯ ಮೇಲೆ ನವಿಲಿನ ಕತ್ತು ಮೂಡತೊಡಗಿತು. "ಕಾಫಿ ಕುಡ್ಕೊಂಡು ಹೋಗೇ. ಈ ಮೆಷಿನ್ ಸದ್ದು ಬಿಟ್ರೆ ಈ ಮನೇಲಿ ಇನ್ನೊಂದು ಮಾತಿಲ್ಲ."

"ಬಸ್ಸಿಗೆ ಹೊತ್ತಾಯ್ತು" ಎಂದು ಹೊರಟೆ. ಹೊತ್ತಾಗಿರಲಿಲ್ಲ. ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ಒಬ್ಬಳೇ ಕೂತಿದ್ದೆ.

ರವಿಕೆ ಗುರುವಾರ ಸಂಜೆಯೇ ಹೆಣ್ಣಿನ ಮನೆ ತಲುಪಿತು ಎಂದು ಆಮೇಲೆ ತಿಳಿಯಿತು. ಯಂತ್ರವನ್ನು ಅದು ದುಡಿಯುವ ಜಾಗದಿಂದ ಬೇರ್ಪಡಿಸಿ ನೋಡಿದರೆ ಅರ್ಧವನ್ನಷ್ಟೇ ನೋಡಿದಂತೆ ಎಂದು ಈ ಕೆಲಸ ನನಗೆ ಕಲಿಸಿತು. ಈಗ ಯಾವ ಲ್ಯಾಪ್‌ಟಾಪ್ ಬಂದರೂ, ಬಿಚ್ಚುವ ಮೊದಲು ಹೊರಗೆ ಹೋಗಿ ಗಿರಾಕಿಯನ್ನೇ ಕೇಳುತ್ತೇನೆ: ಇದನ್ನು ಎಲ್ಲಿಟ್ಟು, ಏನೇನು ಸಿಕ್ಕಿಸಿಕೊಂಡು ಕೆಲಸ ಮಾಡುತ್ತೀರಿ? ಉತ್ತರ ಅನೇಕ ಸಲ ಲ್ಯಾಪ್‌ಟಾಪನ್ನು ದಾಟಿ ಮನೆಯ ಕಥೆಗೆ ಹೋಗುತ್ತದೆ. ಕೆಲವರಿಗೆ ಹೇಳಿ ಮುಗಿಸುವ ಅವಸರವಿರುವುದಿಲ್ಲ. ಎದ್ದು ಹೋಗುವ ಅವಸರ ಈಗ ನನಗೂ ಇಲ್ಲ.