ಕೌದಿಯಲ್ಲಿದ್ದ ಎರಡು ಹುಳುಗಳು

ಎಂಥ ವಿಚಿತ್ರವನ್ನಾದರೂ ಕಾಕತಾಳೀಯ ಎಂಬ ಒಂದೇ ಪದದಲ್ಲಿ ಮುಗಿಸಬಹುದು ಎಂದು ನಂಬಿದ್ದವನು ನಾನು. ನಿಪ್ಪಾಣಿಯ ನನ್ನ ಔಷಧಿ ಅಂಗಡಿಗೆ ಬಂದು ಕನಸು, ಶಕುನ ಎನ್ನುವವರನ್ನು ನಗಿಸಿ ಕಳಿಸುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಜುಗೂಳದಲ್ಲಿ ಕಂಡದ್ದನ್ನು ಮಾತ್ರ ಹಾಗೆ ಮುಗಿಸಲು ಆಗಿಲ್ಲ.

ನನಗೊಂದು ಹುಚ್ಚಿದೆ: ಕಡಲಿನ ಸ್ಲಗ್. ಚಿಪ್ಪಿಲ್ಲದ, ಬಣ್ಣಬಣ್ಣದ ಬಸವನಹುಳು ಎಂದುಕೊಳ್ಳಿ. ಇದರ ಸಂಶೋಧಕರು, ನನ್ನಂಥ ಹವ್ಯಾಸಿಗಳು, ಒಟ್ಟು ಹತ್ತು ಹನ್ನೆರಡು ಜನ ವರ್ಷಕ್ಕೊಮ್ಮೆ ಕಾರವಾರದ ಕಡೆ ಸೇರುತ್ತಿದ್ದೆವು. ನಮ್ಮನ್ನೆಲ್ಲ ಕೂಡಿಸುತ್ತಿದ್ದವಳು ಅಥಣಿಯಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸುನಂದಾ. ಆ ವರ್ಷ ಅವಳು ಕಾಲು ಮುರಿದುಕೊಂಡು ಜುಗೂಳದ ತವರಿನಲ್ಲಿ ಮಲಗಿದ್ದಳು. ಹಾಗಾಗಿ ನಾವೇ ಅಲ್ಲಿಗೆ ಹೋದೆವು.

"ಸಮುದ್ರದ ಹುಳಾ ನೋಡಾಕ ಕೃಷ್ಣಾ ದಂಡಿಗೆ ಬಂದೀರೇನ್ರಿ?" ಎಂದು ಅವಳ ಅಪ್ಪ ನಕ್ಕರು.

ಊಟವಾದ ಮೇಲೆ ಕಾರವಾರದ ಸಂಶೋಧಕಿ ವಿದ್ಯಾ ಒಂದು ಫೋಟೊ ತೋರಿಸಿದಳು. ಹಿಂದಿನ ಚಳಿಗಾಲದಲ್ಲಿ ನೀರಿನಡಿ ತೆಗೆದದ್ದು, ಅಲ್ಲಿಯವರೆಗೆ ಯಾರಿಗೂ ತೋರಿಸಿರಲಿಲ್ಲ. ಹಸಿರು ಮೈ, ಕೇಸರಿ ಅಂಚು, ಬೆನ್ನ ಮೇಲೆ ಮೂರು ಕಪ್ಪು ಉಂಗುರ. ಅಂಥದ್ದನ್ನು ನಾವ್ಯಾರೂ ನೋಡಿರಲಿಲ್ಲ.

ಚಹಾ ತಂದಿದ್ದ ಪಕ್ಕದ ಮನೆಯ ಮೆಹರುನಬಿ ಬಗ್ಗಿ ನೋಡಿ, "ಅಯ್ಯ, ಇದು ನಮ್ಮ ಸುನಂದವ್ವನ ಕೌದ್ಯಾಗ ಐತಲ್ರಿ!" ಎಂದರು.

ಸುನಂದಾ ಹೊದ್ದಿದ್ದ, ಹಳೆ ಬಟ್ಟೆಯ ತುಂಡು ಜೋಡಿಸಿದ ಕೌದಿಯ ಅಂಚನ್ನು ಎತ್ತಿ ಹಿಡಿದರು. ಅದೇ ಹಸಿರು, ಅದೇ ಕೇಸರಿ, ಮೂರು ಕಪ್ಪು ಉಂಗುರ. ಸುನಂದಾ ಅದನ್ನು ಎಲೆ ಎಂದುಕೊಂಡಿದ್ದಳಂತೆ. ಆ ಫೋಟೊ ತೆಗೆಯುವುದಕ್ಕಿಂತ ಮೂರು ವರ್ಷ ಮೊದಲು, ಅವಳ ಮದುವೆಗೆಂದು ಮೆಹರುನಬಿ ಹೊಲಿದುಕೊಟ್ಟ ಕೌದಿ ಅದು. ಅವರು ಮೀರಜ್ ದಾಟಿ ಹೋದವರಲ್ಲ, ಕಡಲು ಕಂಡವರಲ್ಲ.

"ಸೂಜಿ ಹೋದಂಗ ಹೊಲದೇನ್ರಿ," ಎಂದರು. ನಾವೆಲ್ಲ ನಕ್ಕೆವು. ವಿದ್ಯಾ ನಗಲಿಲ್ಲ.

"ಒಂದೇ ಹೊಲಿದಿದ್ದೀರಾ?" ಎಂದು ಕೇಳಿದಳು.

"ಮೊದಲ ಒಂದ ಹೊಲದಿದ್ನಿ ಬೇಟಿ. ಒಂಟಿ ಕಾಣಾಕತ್ತಿತ್ತು. ಅದಕ್ಕ ಇನ್ನೊಂದು ಹಚ್ಚೇನಿ."

ಗಾದಿಯ ಕೆಳಗೆ ಸಿಕ್ಕಿದ್ದ ಕೌದಿಯ ಮಡಿಕೆಯನ್ನು ಎಳೆದರು. ಅಲ್ಲಿ ಅದೇ ಬಣ್ಣದ ಸಣ್ಣದೊಂದು. ಅದರ ತಲೆಯ ಎರಡು ಕೋಡುಗಳಲ್ಲಿ ಎಡಗೋಡು ಮೋಟಾಗಿತ್ತು. "ಅರಿಬಿ ತುಂಡ ಸಾಲಲಿಲ್ರಿ," ಎಂದರು ಸಂಕೋಚದಿಂದ.

ವಿದ್ಯಾ ಗಾದಿಯ ಪಕ್ಕ ಕುಳಿತು ಆ ಮೋಟು ಕೋಡನ್ನು ಬೆರಳಿಂದ ಮುಟ್ಟಿ ನೋಡಿದಳು. ಫೋಟೊದಲ್ಲಿ ಒಂದೇ ಇದ್ದರೂ ಅಂದು ನೀರಿನಡಿ ಅವಳು ಕಂಡದ್ದು ಎರಡು. ಸಣ್ಣದರ ಎಡಗೋಡು ತುಂಡಾಗಿತ್ತು. ದೊಡ್ಡದನ್ನು ಮಾದರಿಗೆಂದು ಬಾಟಲಿಗೆ ಹಾಕಿಕೊಂಡಿದ್ದಳು. ದಂಡೆ ಮುಟ್ಟುವ ಮೊದಲೇ ಅದು ಸತ್ತಿತ್ತು. "ಸಣ್ಣದು ಬಾಟಲಿಯ ಹೊರಗೆ ಗಾಜಿಗೆ ಅಂಟಿಕೊಂಡಿತ್ತು. ನಾನೇ ಬೆರಳಿಂದ ಬಿಡಿಸಿದೆ. ಇದನ್ನ ಯಾರಿಗೂ ಹೇಳಿಲ್ಲ," ಎಂದು ಅತ್ತಳು.

ಮೆಹರುನಬಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಅವಳ ತಲೆ ಸವರಿ, "ಅಳಬ್ಯಾಡ ಬೇಟಿ, ಗೊತ್ತಿಲ್ಲದ ಆಗೇತಿ," ಎಂದರು. ವಿದ್ಯಾ ಬಹಳ ಹೊತ್ತು ಅವರ ಕೈ ಬಿಡಲಿಲ್ಲ.

ಸಂಜೆ ಚಿಕ್ಕೋಡಿ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ವಿದ್ಯಾ, "ಸಣ್ಣದರ ಬಗ್ಗೆ ನಾನು ಸುಳ್ಳು ಹೇಳಿದೆ ಅನ್ನಿಸ್ತಾ?" ಎಂದಳು. ಇಲ್ಲ ಎಂದೆ. ಸುಳ್ಳೆಂದುಕೊಂಡಿದ್ದರೆ ನನಗೆ ಎಷ್ಟೋ ಸುಲಭವಿತ್ತು. ಆದರೆ ಆ ಅಳುವನ್ನು ನಾನು ನೋಡಿದ್ದೇನೆ.

ಪ್ರತಿ ಚಳಿಗಾಲ ಅವಳು ಅದೇ ಬಂಡೆಯ ಬಳಿ ನೀರಿಗಿಳಿಯುತ್ತಾಳೆ. ಆ ಸಣ್ಣ ಹುಳು ಮತ್ತೆ ಕಂಡಿಲ್ಲ. ಕಳೆದ ಸಲ ಸಿಕ್ಕಾಗ, "ಕಂಡರೂ ಮುಟ್ಟೋದಿಲ್ಲ. ಇದೆ ಅಂತ ಗೊತ್ತಾದರೆ ಸಾಕು," ಎಂದಳು.