ಗೊರಕೆ ನಿಂತ ಮಧ್ಯಾಹ್ನ

ಹೊಸ ರಬ್ಬರಿನ ವಾಸನೆ. ಮಗಳು ಮಾಸ್ಕನ್ನು ನನ್ನ ಮೂಗಿಗೆ ಕಟ್ಟಿ, ಪಕ್ಕದ ಮೇಜಿನ ಮೇಲಿದ್ದ ಪುಟ್ಟ ಯಂತ್ರದ ಗುಂಡಿ ಒತ್ತಿದಳು. ಗಾಳಿ ಬುಸ್ಸೆಂದು ಒಳಗೆ ನುಗ್ಗಿತು. ನಿದ್ದೆಯಲ್ಲಿ ನಿಮ್ಮ ಗಂಟಲು ಮುಚ್ಚಿಕೊಳ್ಳುತ್ತೆ, ಈ ಗಾಳಿ ಅದನ್ನು ತೆರೆದಿಡುತ್ತೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಇಷ್ಟು ಸುಲಭವಾ ಅಂತ ನನಗೆ ಸಿಟ್ಟು ಬಂತು. ಡಾಕ್ಟರ ಮೇಲಲ್ಲ... ಯಾರ ಮೇಲೆ ಅಂತ ಈಗಲೂ ಗೊತ್ತಿಲ್ಲ. ಬುಕ್ಕಾಪಟ್ಟಣದ ಕಂಬಳಿ ಅಣ್ಣ ನೆನಪಾದರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲಿನ ಶಾಲೆಗೆ ಹೊಸದಾಗಿ ಬಂದ ಟೀಚರು. ನಾನು ಬಾಡಿಗೆಗೆ ಹಿಡಿದ ಕೋಣೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರು ಕಂಬಳಿ ನೇಯುವವರು. ಆ ಮನೆಯಲ್ಲಿ ಸದಾ ಕುರಿಯುಣ್ಣೆಯದೂ, ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯದೂ ವಾಸನೆ. ಆಳು ದಪ್ಪ, ಕತ್ತು ಗಿಡ್ಡ, ಗೊರಕೆ ಊರಿಗೆಲ್ಲ ಹಂಚುವಷ್ಟು. "ಅಣ್ಣ, ನಿಮ್ಮ ಗೊರಕೆಗೂ ಸೇರಿಸಿ ಬಾಡಿಗೆ ಕೊಡ್ತಿದೀನಾ ನಾನು?" ಅಂದರೆ ನಕ್ಕುಬಿಡುತ್ತಿದ್ದರು.

ಹಗಲು ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರು ಲಾಳಿ ಕೈಯಲ್ಲಿ ಹಿಡಿದೇ ತೂಕಡಿಸುತ್ತಿದ್ದರು. ಕಂಬಳಿಯ ಅಂಚು ಸೊಟ್ಟಗಾಗುತ್ತಿತ್ತು. ಜನ ಸೋಮಾರಿ ಅಂದರು. ಅಕ್ಕನಿಗೆ, ಅಂದರೆ ಅವರ ಹೆಂಡತಿಗೆ, ಬೇರೆಯೇ ಭಯ. ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಕರೆದು, ಮಲಗಿದ್ದ ಗಂಡನ ಪಕ್ಕ ಕೂರಿಸಿದರು. "ನೋಡ್ತಿರಿ ಟೀಚರಮ್ಮ." ಗೊರಕೆ ಏರಿತು, ಏರಿತು, ಥಟ್ಟನೆ ನಿಂತಿತು. ಎದೆ, ಹೊಟ್ಟೆ ಹೆಣಗುತ್ತಿವೆ. ಉಸಿರು ಮಾತ್ರ ಇಲ್ಲ. ತುಟಿ ಕಪ್ಪಿಟ್ಟಿತು... ಅಕ್ಕ ಹೆಗಲು ಹಿಡಿದು ಕುಲುಕಿದರು. ಬಾವಿಯಲ್ಲಿ ಮುಳುಗಿ ಎದ್ದವರ ಹಾಗೆ ಉಸಿರೆಳೆದುಕೊಂಡು ಅಣ್ಣ ಮತ್ತೆ ಗೊರಕೆ ಹೊಡೆದರು.

"ದಿನಾ ಇಂಗೇ ಕಣಮ್ಮ. ನಾನೂ ನಿದ್ದೆ ಮಾಡ್ಬುಟ್ರೆ ಇವ್ರನ್ನ ಕುಲುಕೋರು ಯಾರು?" ಅಂದರು. ಅಲ್ಲಿಂದ ಮುಂದೆ ಆ ಗೊರಕೆ ಕೇಳುತ್ತಿದ್ದರೆ ನನಗೂ ಸಮಾಧಾನ. ನಿಂತರೆ ಗೋಡೆಗೆ ಕಿವಿ ಕೊಡುತ್ತಿದ್ದೆ.

ಯಾವುದೋ ಗಾಳಿ ಬಂದು ಎದೆ ಮೇಲೆ ಕೂರುತ್ತದೆ ಅಂತ ತಾಯತ ಕಟ್ಟಿಸಿದ್ದಾಯಿತು, ಬರೆ ಹಾಕಿಸಿದ್ದಾಯಿತು. ಕೊನೆಗೆ ನಾನೂ ಅಕ್ಕನೂ ಅವರನ್ನು ತುಮಕೂರಿಗೆ ಕರೆದುಕೊಂಡು ಹೋದೆವು. ಅಲ್ಲಿನ ವಯಸ್ಸಾದ ಡಾಕ್ಟರು ಹೇಳಿದ್ದೂ ಇದೇ ಮಾತು: ನಿದ್ದೆಯಲ್ಲಿ ಗಂಟಲಿನ ಮಾಂಸ ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತದೆ, ಗುಂಡಿಗೆ ಸೋಲುತ್ತಿದೆ. ಅವರಿಗೆ ಗೊತ್ತಿದ್ದ ಗಟ್ಟಿ ಚಿಕಿತ್ಸೆ ಒಂದೇ, ಬೆಂಗಳೂರಿಗೆ ಹೋಗಿ ಕತ್ತಿನಲ್ಲಿ ತೂತು ಮಾಡಿಸಿ ಕೊಳವೆ ಇಡಿಸಿಕೊಳ್ಳುವುದು. ಅಣ್ಣ ಕತ್ತು ಮುಟ್ಟಿಕೊಂಡರು. "ಬ್ಯಾಡ ಸಾಮಿ. ಉಣ್ಣೆ ಧೂಳೆಲ್ಲ ಅದ್ರಾಗೇ ಹೋಯ್ತದೆ." ಡಾಕ್ಟರು ನಿಟ್ಟುಸಿರು ಬಿಟ್ಟರು. ಹಾಗಾದರೆ ಮೈ ಇಳಿಸು, ಅಂಗಾತ ಮಾತ್ರ ಮಲಗಬೇಡ, ಒರಗಿ ಕೂತೇ ಮಲಗು ಅಂದರು.

ಅಕ್ಕ ಗೋಡೆಗೆ ಉಣ್ಣೆ ಮೂಟೆಗಳನ್ನು ಒಟ್ಟಿದರು. ಅಣ್ಣ ಅದಕ್ಕೆ ಒರಗಿ ಕೂತೇ ಮಲಗತೊಡಗಿದರು. ಗೊರಕೆ ಹೋಗಲಿಲ್ಲ, ಆದರೆ ಉಸಿರು ನಿಲ್ಲುವುದು ಎಷ್ಟೋ ಕಡಿಮೆಯಾಯಿತು. ತೂಕಡಿಕೆ ಹೋಯಿತು, ಕಂಬಳಿಯ ಅಂಚು ನೆಟ್ಟಗಾಯಿತು. ಅಕ್ಕನೂ ನಿದ್ದೆ ಕಂಡರು. ಆ ಖುಷಿಗೆ ಅಣ್ಣ ನನಗೊಂದು ಕರಿ ಕಂಬಳಿ ನೇಯ್ದು ಕೊಟ್ಟರು.

ಆಗ ಕೊರಟಗೆರೆಯ ಮಗಳ ಮನೆಯಲ್ಲಿದ್ದ ಅಣ್ಣನ ತಾಯಿ ಬಂದರು. ಕತ್ತು ವಾಲಿಸಿಕೊಂಡು ಕೂತು ಮಲಗಿದ್ದ ಮಗನನ್ನು ನೋಡಿ ಬಾಗಿಲಲ್ಲೇ ಕುಸಿದರು. ಅವರ ಮನೆತನದಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸಿ, ಕೂತ ಹಾಗೇ ಮಣ್ಣು ಮಾಡುವ ಪದ್ಧತಿ. "ಬದುಕಿರೋ ಮಗನ್ನ ಹೆಣ ಕೂರ್ಸಿದಂಗೆ ಕೂರ್ಸಿದೀಯಲ್ಲೇ" ಅಂತ ಸೊಸೆಯ ಮೇಲೆ ಹರಿಹಾಯ್ದರು. ಡಾಕ್ಟರ ಮಾತನ್ನು ನಾನು ಎಷ್ಟು ಬಿಡಿಸಿ ಹೇಳಿದರೂ ಆ ತಾಯಿಯ ಕಣ್ಣಿಗೆ ಕಾಣುತ್ತಿದ್ದುದೇ ಬೇರೆ.

ಅಕ್ಕ ಕಂಬಳಿ ಮಾರಲು ಸಿರಾಕ್ಕೆ ಹೋದ ದಿನ. "ಅತ್ತೆ, ಅವ್ರನ್ನ ಅಂಗಾತ ಮಲಗಿಸ್ಬ್ಯಾಡಿ" ಅಂತ ಕೈಮುಗಿದು ಹೇಳಿಯೇ ಬಸ್ಸು ಹತ್ತಿದ್ದರು. ನನಗೆ ಅರ್ಧ ದಿನದ ಶಾಲೆ. ಮಧ್ಯಾಹ್ನ ಬಂದಾಗ ಅಜ್ಜಿ ಜಗಲಿಯ ಮೇಲೆ ಕೂತಿದ್ದರು, ಮುಖದಲ್ಲಿ ಎಂದೂ ಕಾಣದ ನೆಮ್ಮದಿ. ತುಟಿಗೆ ಬೆರಳಿಟ್ಟು, "ಮೆತ್ತಗೆ ಕಣವ್ವ. ಊಟ ಮಾಡಿ ಮಲಗವ್ನೆ, ನಾನೇ ಹಾಸಿ ನೆಟ್ಟಗೆ ಮಲಗಿಸ್ದೆ. ಈವತ್ತು ಗೊರಕೆನೇ ಇಲ್ಲ" ಅಂದರು.

ಒಳಗೆ ಓಡಿದೆ. ಹೆಗಲು ಹಿಡಿದು ಕುಲುಕಿದೆ, ಅಕ್ಕ ಕುಲುಕುತ್ತಿದ್ದ ಹಾಗೆ, ಅದಕ್ಕಿಂತ ಜೋರಾಗಿ... ಕೈ ಇನ್ನೂ ಬೆಚ್ಚಗಿತ್ತು. ಬಾಗಿಲಲ್ಲಿ ನಿಂತು ಅಜ್ಜಿ, "ಯಾಕವ್ವ ಎಬ್ಬಿಸ್ತೀಯ? ಮಲಗ್ಲಿ ಬುಡು" ಅನ್ನುತ್ತಿದ್ದರು.

ಸಂಜೆ ಅಕ್ಕ ಬಸ್ಸಿಳಿದು ಬರುವಷ್ಟರಲ್ಲಿ ನೆಂಟರು ಅಣ್ಣನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆನ್ನಿಗೆ ಅದೇ ಉಣ್ಣೆ ಮೂಟೆ. ಅಕ್ಕ ಅಳಲಿಲ್ಲ. ಅತ್ತೆಯ ಎದುರು ಕೂತು ಮೆಲ್ಲಗೆ ಕೇಳಿದರು. "ಈಗ ಕೂರ್ಸಿದ್ರಾ ಅತ್ತೆ?"

ಆ ವರ್ಷವೇ ನನಗೆ ವರ್ಗವಾಯಿತು. ಅಕ್ಕ ಆಮೇಲೆ ಎಲ್ಲಿ ಹೋದರೋ... ಕಂಬಳಿ ಮಾತ್ರ ನನ್ನ ಹತ್ತಿರವೇ ಇದೆ. ಈಗ ಮಡಿಸಿ ಯಂತ್ರದ ಕೆಳಗೆ ಹಾಸಿದ್ದೇನೆ. ಇಷ್ಟು ಗಾಳಿ ಸಿಕ್ಕಿದ್ದರೆ ಸಾಕಿತ್ತು ಅವರಿಗೆ.

ಮಾಸ್ಕು ಹಾಕಿಕೊಂಡು ಮಲಗಿದ ಮಾರನೆಯ ಬೆಳಿಗ್ಗೆ ಮಗಳು ಕಾಫಿ ಹಿಡಿದು ಬಂದಳು. "ಎಷ್ಟು ಚೆನ್ನಾಗಿ ಮಲಗಿದ್ದೆಯಮ್ಮ, ಗೊರಕೆನೇ ಇರಲಿಲ್ಲ" ಅಂತ ಖುಷಿಯಿಂದ ಹೇಳಿದಳು. ಲೋಟ ಹಿಡಿದುಕೊಂಡೇ ಅತ್ತುಬಿಟ್ಟೆ.